ಮೊದಲು ಟೈರಾ, ಬ್ರೇಕಾ, ರೀಮ್ಯಾಪಾ? ನಮ್ಮ ಕಡೆಯ ರಸ್ತೆಗೆ ಕಾರು ತಯಾರು ಮಾಡುವ ಸರದಿ

ಕಾರು ಕೊಂಡು ಒಂದೆರಡು ವರ್ಷ ಕಳೆದ ಮೇಲೆ ಕೈ ತುರಿಸುವುದು ಸಹಜ. ಹಾಸನ, ಚಿಕ್ಕಮಗಳೂರು ಕಡೆ ಇದ್ದರೆ ಇನ್ನೂ ಜಾಸ್ತಿ, ಯಾಕೆಂದರೆ ಬೆಂಗಳೂರಿನವರು ಬೆಳಗಿನ ಜಾವ ಎದ್ದು ಹುಡುಕಿಕೊಂಡು ಬರುವ ತಿರುವುಗಳು ನಮಗೆ ಮನೆಯಿಂದ ಹೊರಟ ಸ್ವಲ್ಪ ಹೊತ್ತಿಗೇ ಸಿಗುತ್ತವೆ. ಹುಡುಗರು ಕೇಳುವ ಪ್ರಶ್ನೆ ಮಾತ್ರ ಯಾವಾಗಲೂ ಒಂದೇ. "ಅಣ್ಣಾ, ಸ್ವಲ್ಪ ದುಡ್ಡು ಕೂಡಿಟ್ಟಿದೀನಿ, ಫಸ್ಟ್ ರೀಮ್ಯಾಪ್ ಮಾಡಿಸ್ಲಾ, ಎಕ್ಸಾಸ್ಟ್ ಹಾಕಿಸ್ಲಾ?" ರೀಮ್ಯಾಪ್ ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿನ ಸೆಟ್ಟಿಂಗ್ ತಿದ್ದಿ ಬಲ ಹೆಚ್ಚಿಸುವುದು, ಎಕ್ಸಾಸ್ಟ್ ಅಂದರೆ ಹೊಗೆ ಹೊರಹೋಗುವ ಸೈಲೆನ್ಸರ್ ಪೈಪ್. ಈಗ ಎರಡೂ ಬೇಡ ಅಂದರೆ ಮುಖ ಸಪ್ಪಗಾಗುತ್ತದೆ.

ಯಾವ ಬ್ರ್ಯಾಂಡ್ ಒಳ್ಳೆಯದು ಅನ್ನುವ ಜಗಳ ಎಲ್ಲ ಕಡೆ ಸಿಗುತ್ತದೆ. ಯಾವುದರ ನಂತರ ಯಾವುದು ಅನ್ನುವುದನ್ನು ಯಾರೂ ಕೂತು ಹೇಳುವುದಿಲ್ಲ. ದುಡ್ಡು ಪೋಲಾಗುವುದು ಅಲ್ಲೇ. ಎಂಜಿನ್ ಜೋರಾದರೆ ಕ್ಲಚ್ ಜಾರುತ್ತದೆ, ಕಾರು ತಗ್ಗಿಸುವ ಸ್ಪ್ರಿಂಗ್ ಹಾಕಿದರೆ ಹಳೇ ಶಾಕ್ಸ್ (ಶಾಕ್ ಅಬ್ಸಾರ್ಬರ್) ಬೇಗ ಕೈಕೊಡುತ್ತದೆ, ದೊಡ್ಡ ಡಿಸ್ಕ್ ಬೇಕು ಅಂತ ಆಸೆಪಟ್ಟರೆ ಮೊನ್ನೆ ತಾನೇ ಕೊಂಡ ರಿಮ್ ಒಳಗೆ ಅದು ಹಿಡಿಸುವುದೇ ಇಲ್ಲ. ಹಾಗಾಗಿ ಪ್ರತಿ ಖರ್ಚಿಗೆ ಮುಂಚೆ ಎರಡು ಪ್ರಶ್ನೆ ಕೇಳಿಕೊಳ್ಳಿ. ಈಗ ನನ್ನ ಗಾಡಿಯನ್ನು ತಡೆಯುತ್ತಿರುವುದು ನಿಜವಾಗಿ ಯಾವುದು? ಇವತ್ತು ಬಿಚ್ಚಿ ಜೋಡಿಸುವ ಜಾಗವನ್ನು ಮುಂದಿನ ಅಪ್‌ಗ್ರೇಡ್‌ಗೆ ಮತ್ತೆ ಬಿಚ್ಚಬೇಕಾಗುತ್ತದಾ? ಎರಡನೇ ಪ್ರಶ್ನೆಗೆ ಹೌದು ಅಂತ ಉತ್ತರ ಬಂದರೆ ಎರಡನ್ನೂ ಒಟ್ಟಿಗೆ ಮಾಡಿಸಿ, ಇಲ್ಲವೇ ಎರಡನ್ನೂ ಮುಂದೂಡಿ.

ನಿಮ್ಮ ರಸ್ತೆ ಯಾವುದು?

ಹಾಸನದಲ್ಲಿ ಮನೆ, ವಾರಕ್ಕೊಮ್ಮೆ ಬೆಂಗಳೂರು ಅನ್ನುವವರ ಕಥೆಯೇ ಬೇರೆ. ಶಾಂತಿಗ್ರಾಮ ಟೋಲ್ ದಾಟಿದರೆ ಚನ್ನರಾಯಪಟ್ಟಣ, ಹಿರೀಸಾವೆ, ಬೆಳ್ಳೂರು ಕ್ರಾಸ್ ಅಂತ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ನೇರ ಓಟ. ಅಲ್ಲಿ ಬೇಕಾಗುವುದು ಜಾಸ್ತಿ ವೇಗದಲ್ಲಿ ನೆಟ್ಟಗೆ ನಿಲ್ಲುವ ಗಾಡಿ, ಓವರ್‌ಟೇಕ್ ಮಾಡುವಾಗ ಮೂರನೇ, ನಾಲ್ಕನೇ ಗೇರಿನಲ್ಲಿ ಎಳೆಯುವ ಎಂಜಿನ್. ಚಿಕ್ಕಮಗಳೂರಿನವರು ಕೈಮರ ಚೆಕ್‌ಪೋಸ್ಟ್ ದಾಟಿ ಮುಳ್ಳಯ್ಯನಗಿರಿ ಕಡೆ ಹತ್ತಿದರೆ ರಸ್ತೆ ಕಿರಿದು, ಒಂದು ಕಡೆ ಬಂಡೆ ಇನ್ನೊಂದು ಕಡೆ ಪ್ರಪಾತ, ಎರಡನೇ ಗೇರ್ ಬಿಟ್ಟು ಮೇಲೆ ಹೋಗುವ ಅವಕಾಶವೇ ಕಡಿಮೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವವರಿಗೂ, ಸಕಲೇಶಪುರದಿಂದ ಶಿರಾಡಿ ಇಳಿಯುವವರಿಗೂ ಬ್ರೇಕೇ ದೇವರು. ಇನ್ನು ಆಲ್ದೂರು, ಬಾಳೆಹೊನ್ನೂರು, ಮೂಡಿಗೆರೆ ಕಡೆ ತೋಟದ ಮನೆಯವರು. ಟಾರ್ ರಸ್ತೆ ಬಿಟ್ಟು ಮನೆ ಅಂಗಳ ಮುಟ್ಟುವವರೆಗಿನ ಮಣ್ಣಿನ ದಾರಿಯಲ್ಲಿ ಕಾರಿನ ಹೊಟ್ಟೆ ಎಷ್ಟು ಎತ್ತರದಲ್ಲಿದೆ ಅನ್ನುವುದೇ ಅವರಿಗೆ ಮುಖ್ಯ.

ನಿಮ್ಮ ಓಡಾಟದಲ್ಲಿ ಯಾವ ರಸ್ತೆ ಜಾಸ್ತಿ ಅನ್ನುವುದನ್ನು ಪ್ರಾಮಾಣಿಕವಾಗಿ ಲೆಕ್ಕ ಹಾಕಿ. ವರ್ಷಕ್ಕೊಮ್ಮೆ ಹೋಗುವ ಟ್ರ್ಯಾಕ್ ಡೇಗೋಸ್ಕರ ದಿನಾ ಬೆನ್ನು ನೋಯಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ ಅಲ್ವಾ?

ಸೊನ್ನೆಯಿಂದ ಶುರು

ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಯಾರಿಗೂ ಇಷ್ಟವಾಗದ ಭಾಗ ಇದು. ಎಂಜಿನ್ ಆಯಿಲ್, ಕೂಲೆಂಟ್, ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಬ್ರೇಕ್ ಆಯಿಲ್ ಎಲ್ಲ ಹೊಸದಿರಬೇಕು. ಗಾಡಿಯನ್ನು ಲಿಫ್ಟ್ ಮೇಲೆ ಎತ್ತಿಸಿ ಲೋಯರ್ ಆರ್ಮ್ ಬುಷ್, ಲಿಂಕ್ ರಾಡ್, ಟೈ ರಾಡ್ ಎಂಡ್, ಎಂಜಿನ್ ಮೌಂಟಿಂಗ್ ಅಲ್ಲಾಡಿಸಿ ನೋಡಿ. ನಮ್ಮ ಗುಂಡಿಗಳಲ್ಲಿ ಇವು ಬೇಗ ಸಡಿಲವಾಗುತ್ತವೆ, ಪ್ರತಿದಿನ ಓಡಿಸುವವರಿಗೆ ಗೊತ್ತೇ ಆಗುವುದಿಲ್ಲ. ಸಡಿಲ ಕೀಲಿನ ಬಾಗಿಲಿಗೆ ಹೊಸ ಚಿಲಕ ಹಾಕಿ ಏನು ಉಪಯೋಗ? ಹಳೇ ಎಂಜಿನ್ ಆಗಿದ್ದರೆ ಕಂಪ್ರೆಷನ್ ಟೆಸ್ಟ್ ಮಾಡಿಸಿ. ಒಂದು ಸಿಲಿಂಡರ್ ಸೋತಿರುವ ಎಂಜಿನ್‌ಗೆ ರೀಮ್ಯಾಪ್ ಮಾಡಿಸಿದರೆ ಸಾಯುವುದು ಬೇಗ ಆಗುತ್ತದೆ, ಅಷ್ಟೇ.

ಇರಿಡಿಯಂ ಪ್ಲಗ್ ಹಾಕಿಸಿದ್ದಕ್ಕೆ ಪಿಕಪ್ ಬಂತು ಅನ್ನುವವರು ಸಿಗುತ್ತಾರೆ. ಇರಿಡಿಯಂ ಪ್ಲಗ್ ಜಾಸ್ತಿ ದಿನ ಬಾಳಿಕೆ ಬರುತ್ತದೆ, ಅದು ನಿಜ. ಪಿಕಪ್ ಬಂದಿದ್ದರೆ ಅದು ಹಳೇ ಪ್ಲಗ್ ಸತ್ತುಹೋಗಿದ್ದಕ್ಕೆ.

ಟೈರ್ ಮೊದಲಾ, ಸಸ್ಪೆನ್ಷನ್ ಮೊದಲಾ?

ಸಾಮಾನ್ಯವಾಗಿ ಟೈರ್ ಮೊದಲು. ಎಂಜಿನ್ ಎಳೆಯುವುದು, ಬ್ರೇಕ್ ಹಿಡಿಯುವುದು, ಸ್ಟೇರಿಂಗ್ ತಿರುಗುವುದು, ಎಲ್ಲವೂ ರಸ್ತೆಗೆ ತಲುಪುವುದು ಅಂಗೈ ಅಗಲದ ನಾಲ್ಕು ರಬ್ಬರ್ ತುಂಡುಗಳ ಮೂಲಕ. ಅವೇ ಜಾರಿದರೆ ಉಳಿದದ್ದೆಲ್ಲ ಸುಮ್ನೆ.

ಆದರೆ ಶಾಕ್ಸ್ ಲೀಕ್ ಆಗುತ್ತಿದ್ದರೆ, ಬುಷ್ ಹೋಗಿದ್ದರೆ ಸರದಿ ತಿರುಗುತ್ತದೆ. ಅಂಥ ಗಾಡಿಗೆ ಹೊಸ ಟೈರ್ ಹಾಕಿಸಿದರೆ ಅಲೈನ್‌ಮೆಂಟ್ ನಿಲ್ಲುವುದಿಲ್ಲ, ಒಳಗಿನ ಅಂಚು ಸವೆದು ಸವೆದು ಅರ್ಧ ಆಯಸ್ಸಿನಲ್ಲೇ ಟೈರ್ ಮುಗಿಯುತ್ತದೆ. ಕಾರು ತಗ್ಗಿಸುವ ಪ್ಲಾನ್ ಇದ್ದವರೂ ಅಷ್ಟೇ, ಮೊದಲು ಸಸ್ಪೆನ್ಷನ್ ಮುಗಿಸಿ, ಆಮೇಲೆ ಟೈರ್ ಹಾಕಿಸಿ, ಕೊನೆಗೆ ಒಂದೇ ಸಲ ಅಲೈನ್‌ಮೆಂಟ್ ಮಾಡಿಸಿ.

ಸೈಜಿನ ಲೆಕ್ಕ ಸ್ವಲ್ಪ ನೋಡೋಣ, ಇಲ್ಲೇ ಜಾಸ್ತಿ ಜನ ಎಡವುವುದು. ಸ್ವಿಫ್ಟ್‌ನ ಕೆಳಗಿನ ಮಾಡೆಲ್‌ಗಳಲ್ಲಿ 165/80 ಆರ್14 (ಅಗಲ 165 ಮಿ.ಮೀ., ಸೈಡ್‌ವಾಲ್ ಎತ್ತರ ಅಗಲದ ಶೇಕಡಾ 80, ರಿಮ್ 14 ಇಂಚು) ಬರುತ್ತಿತ್ತು, ಮೇಲಿನ ಮಾಡೆಲ್‌ಗಳಲ್ಲಿ 185/65 ಆರ್15. ಮೊದಲನೆಯದರ ಒಟ್ಟು ವ್ಯಾಸ ಸುಮಾರು 620 ಮಿ.ಮೀ., ಎರಡನೆಯದು 621. ಅಂದರೆ ರಿಮ್ ದೊಡ್ಡದಾದರೂ ಹೊರಗಿನ ಅಳತೆ ಹಾಗೇ ಇದೆ. ಇದೇ ಸರಿಯಾದ ರೀತಿ. 195/60 ಆರ್15 ಹಾಕಿದರೆ 615, 195/55 ಆರ್16 ಹಾಕಿದರೆ ಮತ್ತೆ ಸುಮಾರು 621. ಇವೆರಡೂ ಲೆಕ್ಕಕ್ಕೆ ಹೊಂದುತ್ತವೆ. 195/65 ಆರ್15 ಹಾಕಿದರೆ 634 ದಾಟುತ್ತದೆ, ಶೇಕಡಾ 2ರಷ್ಟು ಜಾಸ್ತಿ. ಸ್ಪೀಡೋಮೀಟರ್ ತೋರಿಸುವ ವೇಗಕ್ಕೂ ನಿಜವಾದ ವೇಗಕ್ಕೂ ವ್ಯತ್ಯಾಸ ಬರುತ್ತದೆ, ಗೇರಿಂಗ್ ಉದ್ದವಾಗುತ್ತದೆ, ಘಾಟಿ ಹತ್ತುವಾಗ ಎಂಜಿನ್ ಇನ್ನಷ್ಟು ಏದುತ್ತದೆ. ಚೆಂದ ಕಾಣುತ್ತದೆ ಅನ್ನುವ ಒಂದೇ ಕಾರಣಕ್ಕೆ ದಪ್ಪ ಟೈರ್ ತುರುಕಬೇಡಿ.

15 ಇಂಚಾ 16 ಇಂಚಾ ಅಂತ ಕೇಳಿದರೆ, ನಮ್ಮ ಕಡೆಗೆ 15 ಅಂತಲೇ ನನ್ನ ಉತ್ತರ. ಸೈಡ್‌ವಾಲ್ ಎತ್ತರ ಜಾಸ್ತಿ ಇದ್ದರೆ ಗುಂಡಿಯ ಅಂಚು ಬಡಿದಾಗ ರಿಮ್ ಉಳಿಯುತ್ತದೆ. ಅದರ ಮೇಲೆ 16ರ ಅಲಾಯ್ ಸಾಮಾನ್ಯವಾಗಿ ತೂಕ ಜಾಸ್ತಿ, ಚಕ್ರದ ತೂಕ ಹೆಚ್ಚಾದಷ್ಟೂ ಶಾಕ್ಸ್‌ಗೆ ಕೆಲಸ ಹೆಚ್ಚು. ಮುಂದೆ ದೊಡ್ಡ ಡಿಸ್ಕ್ ಹಾಕಿಸುವ ಗಟ್ಟಿ ಪ್ಲಾನ್ ಇದ್ದರೆ ಮಾತ್ರ 16ಕ್ಕೆ ಹೋಗಿ, ಅದೂ ಡಿಸ್ಕ್ ಮತ್ತು ಅದನ್ನು ಹಿಡಿಯುವ ಕ್ಯಾಲಿಪರ್ ಅಳತೆ ನೋಡಿಕೊಂಡು.

ಮಳೆಯ ವಿಷಯ ಮರೆಯಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ರಸ್ತೆ ಒಣಗುವುದೇ ಅಪರೂಪ, ಅದರ ಮೇಲೆ ಪಾಚಿ, ಎಲೆ, ತೋಟದಿಂದ ಹರಿದು ಬಂದ ಕೆಂಪು ಮಣ್ಣು. ಟ್ರ್ಯಾಕ್‌ಗೆ ಅಂತ ಮಾಡಿದ, ಮೇಲೆ ತೋಡು ಕಡಿಮೆ ಇರುವ ಮೃದು ಟೈರ್ ಒಣ ರಸ್ತೆಯಲ್ಲಿ ಅದ್ಭುತ, ಜುಲೈ ತಿಂಗಳ ಚಾರ್ಮಾಡಿಯಲ್ಲಿ ಭಯಾನಕ. ನೀರು ಹೊರಹಾಕುವ ಅಗಲ ತೋಡುಗಳಿರುವ, ಒದ್ದೆ ಹಿಡಿತಕ್ಕೆ ಹೆಸರಿರುವ ಟೈರ್ ನೋಡಿ. ಕಾನೂನು ಪ್ರಕಾರ ತೋಡಿನ ಆಳ 1.6 ಮಿ.ಮೀ.ವರೆಗೆ ನಡೆಯುತ್ತದೆ, ಮಳೆಗಾಲಕ್ಕೆ 3 ಮಿ.ಮೀ.ಗಿಂತ ಕೆಳಗೆ ಇಳಿದ ಟೈರನ್ನು ನಾನಂತೂ ನಂಬುವುದಿಲ್ಲ. ಅಂಗಡಿಯಲ್ಲಿ ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿ ಓದಿ. 1425 ಅಂತಿದ್ದರೆ 2025ರ 14ನೇ ವಾರ ತಯಾರಾಗಿದ್ದು. ಎರಡು ವರ್ಷದ ಹಳೇ ಸ್ಟಾಕನ್ನು ಹೊಸದರ ರೇಟಿಗೆ ಕೊಟ್ಟರೆ ತಗೋಬೇಡಿ.

ಬ್ರೇಕ್: ಕಡಿಮೆ ಖರ್ಚಿನದೇ ಮೊದಲು

ಬೆಟ್ಟ ಇಳಿಯುವಾಗ ಬ್ರೇಕ್ ಎಷ್ಟು ಬಿಸಿ ನುಂಗುತ್ತದೆ ಅನ್ನುವುದಕ್ಕೆ ಒಂದು ಲೆಕ್ಕ. ಗಾಡಿ 100 ಮೀಟರ್ ಕೆಳಗೆ ಇಳಿದಾಗ ಬಿಡುಗಡೆಯಾಗುವ ಶಕ್ತಿ, ಅದೇ ಗಾಡಿಯನ್ನು ಗಂಟೆಗೆ 160 ಕಿ.ಮೀ. ವೇಗದಿಂದ ಒಂದು ಸಲ ಪೂರ್ತಿ ನಿಲ್ಲಿಸುವಾಗ ಹುಟ್ಟುವ ಶಕ್ತಿಗೆ ಸಮ. ತೂಕ ಎಷ್ಟೇ ಇರಲಿ, ಲೆಕ್ಕ ಅದೇ. ಇಲ್ಲಿ 100 ಮೀಟರ್ ಅಂದರೆ ರಸ್ತೆಯ ಉದ್ದ ಅಲ್ಲ, ಎತ್ತರದ ಇಳಿತ. ಗಿರಿಯಿಂದ ಚಿಕ್ಕಮಗಳೂರಿಗೆ ಇಳಿಯುವಷ್ಟರಲ್ಲಿ 500 ಮೀಟರ್‌ಗಿಂತ ಜಾಸ್ತಿ ಇಳಿದಿರುತ್ತೇವೆ. ಅಂದರೆ 160ರಿಂದ ಐದು ಸಲಕ್ಕಿಂತ ಜಾಸ್ತಿ ನಿಂತ ಹಾಗೆ. ಗಾಳಿಯ ತಡೆ, ಎಂಜಿನ್ ಬ್ರೇಕಿಂಗ್ ಒಂದಷ್ಟು ಹೊರುತ್ತವೆ, ಉಳಿದಿದ್ದೆಲ್ಲ ಪ್ಯಾಡಿಗೆ. ಹತ್ತಿದ ಗೇರಿನಲ್ಲೇ ಇಳಿಯಿರಿ ಅಂತ ಹಳೇ ಡ್ರೈವರ್‌ಗಳು ಹೇಳುವುದು ಇದಕ್ಕೇ, ಆ ಅಪ್‌ಗ್ರೇಡ್ ಪುಕ್ಕಟೆ.

ಹೋಲಿಸಿದರೆ ನಿಮ್ಮ ಮುಂದೆ ಇರುವ ದಾರಿಗಳು ಇವು: ಬ್ರೇಕ್ ಆಯಿಲ್, ಪ್ಯಾಡ್, ಸ್ಟೀಲ್ ಹೆಣಿಗೆಯ ಹೋಸ್, ದೊಡ್ಡ ಡಿಸ್ಕ್. ಸರದಿಯೂ ಇದೇ, ಖರ್ಚಿನ ಏಣಿಯೂ ಇದೇ.

ಬ್ರೇಕ್ ಆಯಿಲ್‌ಗೆ ಕೆಲವೇ ನೂರು ರೂಪಾಯಿ. ಡಾಟ್ 3 ದರ್ಜೆಯ ಆಯಿಲ್‌ಗೆ ಹೊಸದರಲ್ಲಿ ಕುದಿಯುವ ಬಿಂದು ಕನಿಷ್ಠ 205 ಡಿಗ್ರಿ ಇರಬೇಕು, ಡಾಟ್ 4ಕ್ಕೆ 230, ಡಾಟ್ 5.1ಕ್ಕೆ 260. ಆದರೆ ಈ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ತೇವ ಹೀರಿದ ಡಾಟ್ 4ರ ಕನಿಷ್ಠ ಮಟ್ಟ 155ಕ್ಕೆ ಬೀಳುತ್ತದೆ. ನಾಲ್ಕು ತಿಂಗಳು ಗೋಡೆಯೇ ಬೆವರುವ ನಮ್ಮ ಊರುಗಳಲ್ಲಿ ಎರಡು ವರ್ಷ ಕಾಯದೆ ಪ್ರತಿ ಮಳೆಗಾಲ ಮುಗಿದ ಮೇಲೆ ಬದಲಿಸುವುದು ಒಳ್ಳೆಯದು. ಡಾಟ್ 5 ಅನ್ನುವುದು ಬೇರೆಯೇ ಜಾತಿ, ಸಿಲಿಕೋನ್ ಆಧಾರಿತ, ಅದನ್ನು ಇದರ ಜೊತೆ ಬೆರೆಸಲೇಬೇಡಿ. 5ಕ್ಕೂ 5.1ಕ್ಕೂ ಗೊಂದಲ ಮಾಡಿಕೊಳ್ಳುವ ಅಂಗಡಿಯವರೂ ಇದ್ದಾರೆ, ಡಬ್ಬಿ ಓದಿ ತಗೊಳ್ಳಿ.

ಆಮೇಲೆ ಪ್ಯಾಡ್. ಬಿಸಿಯಲ್ಲೂ ಹಿಡಿತ ಬಿಡದ, ರಸ್ತೆಗೆ ಅಂತಲೇ ಮಾಡಿದ ಪ್ಯಾಡ್ ಸಾಕು. ರೇಸಿಂಗ್ ಪ್ಯಾಡ್ ತಣ್ಣಗಿದ್ದಾಗ ಕಚ್ಚುವುದೇ ಇಲ್ಲ. ಡಿಸೆಂಬರ್ ಬೆಳಿಗ್ಗೆ ಮನೆ ಗೇಟಿನ ಹತ್ತಿರ ಹಸು ಅಡ್ಡ ಬಂದಾಗ ಬ್ರೇಕ್ ಒತ್ತಿದರೆ ಆ ಪ್ಯಾಡ್ ಇನ್ನೂ ನಿದ್ದೆಯಲ್ಲಿರುತ್ತದೆ.

ಹೋಸ್ ಹಾಕಿಸುವುದಾದರೆ ಆಯಿಲ್ ಬದಲಿಸುವ ದಿನವೇ ಹಾಕಿಸಿ, ಹೇಗಿದ್ದರೂ ಲೈನ್ ಬಿಚ್ಚಿ ಗಾಳಿ ತೆಗೆಯಬೇಕು. ಪೆಡಲ್ ಗಟ್ಟಿಯಾದ ಅನುಭವ ಬರುತ್ತದೆ, ನಿಲ್ಲುವ ದೂರ ಅದರಿಂದಲೇ ಕಡಿಮೆಯಾಗುತ್ತದೆ ಅಂತ ನಿರೀಕ್ಷೆ ಬೇಡ. ದೊಡ್ಡ ಡಿಸ್ಕ್ ಕೂಡ ಹಾಗೇ. ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕೆಲಸ ಶುರುಮಾಡುವಷ್ಟು ಬಲ ಕಂಪನಿ ಬ್ರೇಕಿಗೇ ಇದ್ದರೆ, ಒಂದು ಸಲ ನಿಲ್ಲುವ ದೂರವನ್ನು ನಿರ್ಧರಿಸುವುದು ಟೈರ್. ದೊಡ್ಡ ಡಿಸ್ಕ್ ಕೊಡುವುದು ಮತ್ತೆ ಮತ್ತೆ ಒತ್ತಿದಾಗ ಬಿಸಿ ತಡೆಯುವ ಶಕ್ತಿ. ರೀಮ್ಯಾಪ್ ಆದ, ಟರ್ಬೊ (ಎಂಜಿನ್ ಒಳಗೆ ಗಾಳಿ ಒತ್ತಿ ತುಂಬುವ ಪಂಪ್) ಇರುವ ಗಾಡಿಗೆ ಅದು ಬೇಕಾಗಬಹುದು, 90 ಪಿಎಸ್ (ಎಂಜಿನ್ ಬಲದ ಅಳತೆ) ಇರುವ ಹ್ಯಾಚ್‌ಬ್ಯಾಕ್‌ಗೆ ಬೇಡವೇ ಬೇಡ. ಹಿಂದಿನ ಡ್ರಮ್ ತೆಗೆದು ಡಿಸ್ಕ್ ಹಾಕುವವರೂ ಇದ್ದಾರೆ. ಚಿಕ್ಕ ಕಾರಿನಲ್ಲಿ ಬ್ರೇಕ್ ಒತ್ತಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ, ಹಿಂದಿನ ಚಕ್ರಕ್ಕೆ ಕೆಲಸವೇ ಕಡಿಮೆ. ನೋಡಲು ಚೆಂದ, ಅಷ್ಟೇ.

ಸಸ್ಪೆನ್ಷನ್‌ನಲ್ಲಿ ಮೂರು ದಾರಿ

ಮೊದಲ ದಾರಿ: ಕಂಪನಿ ಸ್ಪ್ರಿಂಗ್ ಇಟ್ಟುಕೊಂಡು ಒಳ್ಳೆಯ ಶಾಕ್ಸ್ ಮಾತ್ರ ಹಾಕುವುದು. ಎರಡನೆಯದು: ಶಾಕ್ಸ್ ಹಾಗೇ ಬಿಟ್ಟು ತಗ್ಗಿಸುವ ಸ್ಪ್ರಿಂಗ್ ಹಾಕುವುದು. ಮೂರನೆಯದು: ಎತ್ತರ, ಬಿಗಿ ಎರಡೂ ಹೊಂದಿಸಬಹುದಾದ ಕಾಯಿಲ್‌ಓವರ್.

ಎಲ್ಲರೂ ಬೀಳುವುದು ಎರಡನೆಯದಕ್ಕೆ, ಯಾಕೆಂದರೆ ಅಗ್ಗ, ಫೋಟೊದಲ್ಲಿ ಚೆಂದ. ನನ್ನ ಪ್ರಕಾರ ನಮ್ಮ ಕಡೆಗೆ ಅದೇ ಅತಿ ಕೆಟ್ಟ ಆಯ್ಕೆ. ಸ್ವಿಫ್ಟ್, ಪೋಲೊ ಥರದ ಕಾರುಗಳಿಗೆ ನೆಲದಿಂದ ಇರುವುದೇ 165 ಮಿ.ಮೀ. ಆಸುಪಾಸು. ಅದರಲ್ಲಿ 35-40 ಮಿ.ಮೀ. ತೆಗೆದು, ನಾಲ್ಕು ಜನರನ್ನು ಕೂರಿಸಿ, ಬೇಲೂರು ರಸ್ತೆಯ ಒಂದು ಹಂಪ್ ಹತ್ತಿಸಿ ನೋಡಿ, ಸದ್ದು ಕೇಳಿದರೆ ಹೊಟ್ಟೆ ಚುರ್ ಅನ್ನುತ್ತದೆ. ಅಷ್ಟೇ ಅಲ್ಲ, ಗಿಡ್ಡ ಸ್ಪ್ರಿಂಗ್‌ಗೆ ಕಂಪನಿ ಶಾಕ್ಸ್ ಹೊಂದುವುದಿಲ್ಲ, ಅದು ತನ್ನ ಓಟದ ತಪ್ಪು ಜಾಗದಲ್ಲಿ ಕೆಲಸ ಮಾಡುತ್ತಾ ಬೇಗ ಸವೆಯುತ್ತದೆ. ಆಗ ಶಾಕ್ಸ್‌ಗೂ ದುಡ್ಡು, ಎರಡನೇ ಸಲ ಬಿಚ್ಚುವ ಕೂಲಿ, ಮತ್ತೊಂದು ಅಲೈನ್‌ಮೆಂಟ್.

ಕಾಯಿಲ್‌ಓವರ್ ಒಳ್ಳೆಯದೇ, ಆದರೆ ಒಳ್ಳೆಯ ಸೆಟ್ ಬೇಕು ಅಂದರೆ ಖರ್ಚು ಲಕ್ಷದ ಆಸುಪಾಸಿಗೆ ಹೋಗುತ್ತದೆ. ಅಗ್ಗದ ಸೆಟ್‌ಗಳಲ್ಲಿ ಬಿಗಿ ಮಾಡುವುದು ಬಿಟ್ಟರೆ ಬೇರೇನೂ ಇರುವುದಿಲ್ಲ. ಎತ್ತರ ಹೊಂದಿಸುವ ತಿರುಪುಗಳು ನಮ್ಮ ಕೆಸರಲ್ಲಿ ತುಕ್ಕು ಹಿಡಿದು ಒಂದೇ ಮಳೆಗಾಲಕ್ಕೆ ಕಚ್ಚಿಕೊಂಡು ಕೂರುತ್ತವೆ, ಆಮೇಲೆ ಹೊಂದಿಸಬಹುದಾದ ಸಸ್ಪೆನ್ಷನ್ ಅನ್ನುವುದು ಬಿಲ್ಲಿನಲ್ಲಿ ಮಾತ್ರ.

ಹಾಗಾಗಿ ಒಳ್ಳೆಯ ಗ್ಯಾಸ್ ಶಾಕ್ಸ್, ಕಂಪನಿ ಎತ್ತರದ ಸ್ಪ್ರಿಂಗ್, ಹೊಸ ಬುಷ್. ಕೆಟ್ಟ ರಸ್ತೆಯಲ್ಲಿ ವೇಗ ಬರುವುದು ಚಕ್ರ ನೆಲ ಬಿಡದೆ ಇದ್ದಾಗ. ತುಂಬಾ ಬಿಗಿ ಮಾಡಿದರೆ ಏರಿಳಿತದಲ್ಲಿ ಚಕ್ರ ಹಾರುತ್ತದೆ, ಹಾರಿದ ಚಕ್ರಕ್ಕೆ ಹಿಡಿತ ಸೊನ್ನೆ.

ಇದಕ್ಕೆ ನಮ್ಮೂರಲ್ಲೇ ಸಾಕ್ಷಿ ಇತ್ತು. ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಶಿಪ್‌ನ ಇಂಡಿಯಾ ಸುತ್ತು ಚಿಕ್ಕಮಗಳೂರಿನ ಕಾಫಿ ತೋಟಗಳೊಳಗೆ ನಡೆಯುತ್ತಿದ್ದಾಗ ಭಾರತದ ರ‍್ಯಾಲಿ ಚಾಲಕ ಗೌರವ್ ಗಿಲ್ ಸ್ಕೋಡಾ ಫಾಬಿಯಾ ಆರ್5 ಓಡಿಸುತ್ತಿದ್ದರು, 2016ರಲ್ಲಿ ಚಾಂಪಿಯನ್ ಕೂಡ ಆದರು. ಆ ಕಾರಿನದು 1.6 ಲೀಟರ್ ಟರ್ಬೊ ಎಂಜಿನ್. ಗಾಳಿ ಒಳಗೆ ಹೋಗುವ ಬಾಯಿಗೆ 32 ಮಿ.ಮೀ.ನ ರಿಸ್ಟ್ರಿಕ್ಟರ್ ಕಡ್ಡಾಯ, ಹಾಗಾಗಿ ಎಂಜಿನ್ ಬಲಕ್ಕೆ ನಿಯಮವೇ ಬೇಲಿ ಹಾಕಿತ್ತು. ಆ ಬೇಲಿಯೊಳಗೆ ಗಾಡಿ ಅಷ್ಟು ವೇಗವಾಗಿ ಓಡುತ್ತಿದ್ದುದು ಉದ್ದ ಓಟದ ಸಸ್ಪೆನ್ಷನ್‌ನಿಂದ, ಟೈರ್‌ನಿಂದ, ಹೊಟ್ಟೆ ಕಾಯುವ ಸಂಪ್ ಗಾರ್ಡ್‌ನಿಂದ, ಮತ್ತು ಓಡಿಸುವವನಿಂದ. ತೋಟದ ಬೇಲಿ ಪಕ್ಕ ನಿಂತು ನೋಡಿದವರೇ ಮಾರನೇ ವಾರ ಎಕ್ಸಾಸ್ಟ್ ರೇಟು ಕೇಳಲು ಹೋದದ್ದು ಬೇರೆ ವಿಷಯ.

ಈಗ ಎಂಜಿನ್‌ಗೆ ಬರೋಣ

ಇಲ್ಲಿ ಕವಲು ಒಂದೇ. ಟರ್ಬೊ ಇದೆಯಾ, ಇಲ್ಲವಾ?

ಚಿಕ್ಕಮಗಳೂರು ಸಮುದ್ರಮಟ್ಟದಿಂದ 1,000 ಮೀಟರ್‌ಗಿಂತ ಮೇಲಿದೆ, ಹಾಸನವೂ ಅದರ ಹತ್ತಿರ ಹತ್ತಿರ. ಇಷ್ಟು ಎತ್ತರದಲ್ಲಿ ಗಾಳಿ ಸುಮಾರು ಶೇಕಡಾ 10ರಷ್ಟು ತೆಳು. ಟರ್ಬೊ ಇಲ್ಲದ ಎಂಜಿನ್ ಎಷ್ಟು ಗಾಳಿ ಸಿಕ್ಕಿತೋ ಅಷ್ಟನ್ನೇ ಉಸಿರಾಡುವುದರಿಂದ, ಕಾಗದದ ಮೇಲೆ 83 ಪಿಎಸ್ ಇರುವ ಸ್ವಿಫ್ಟ್ ನಮ್ಮ ಊರಲ್ಲಿ 75ರ ಹತ್ತಿರ ಕೊಡುತ್ತದೆ. ಮುಳ್ಳಯ್ಯನಗಿರಿಯ ಶಿಖರ 1,930 ಮೀಟರ್, ಆ ಕಡೆ ಹತ್ತುತ್ತಾ ಹೋದಂತೆ ಇನ್ನಷ್ಟು ಕಡಿಮೆ. ಟರ್ಬೊ ಇರುವ ಗಾಡಿಯಲ್ಲಿ ಆ ಟರ್ಬೊ ಇನ್ನೊಂದಿಷ್ಟು ಜೋರಾಗಿ ತಿರುಗಿ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ. ಮಂಗಳೂರಿನಲ್ಲಿ ಸರಿಸಮ ಓಡುವ ಎರಡು ಕಾರು ಕೈಮರದ ಮೇಲೆ ಸರಿಸಮ ಇರುವುದಿಲ್ಲ.

ರೀಮ್ಯಾಪ್‌ನ ಲಾಭದಲ್ಲೂ ಇದೇ ಅಂತರ. ಟರ್ಬೊ ಪೆಟ್ರೋಲ್‌ಗೆ ಬೂಸ್ಟ್ (ಗಾಳಿ ತುಂಬುವ ಒತ್ತಡ) ಏರಿಸಿದರೆ ಶೇಕಡಾ 20-30 ಬಲ ಸಿಗುವುದು ಸಾಮಾನ್ಯ. ಟರ್ಬೊ ಇಲ್ಲದ್ದಕ್ಕೆ ಇಗ್ನಿಷನ್ ಟೈಮಿಂಗ್ (ಕಿಡಿ ಹೊತ್ತುವ ಸಮಯ), ಇಂಧನ ತಿದ್ದಿ ಶೇಕಡಾ 5ರಿಂದ 8 ಸಿಕ್ಕರೆ ಪುಣ್ಯ. ಅಂದರೆ ಸ್ವಿಫ್ಟ್‌ಗೆ ದುಡ್ಡು ಕೊಟ್ಟು ಮ್ಯಾಪ್ ಮಾಡಿಸಿ ನೀವು ಪಡೆಯುವುದು ಎತ್ತರ ಕಿತ್ತುಕೊಂಡಿದ್ದನ್ನು ವಾಪಸ್, ಅದೂ ಪೂರ್ತಿ ಅಲ್ಲ. ಥ್ರಾಟಲ್ ಚುರುಕಾದದ್ದನ್ನೇ ಬಲ ಬಂತು ಅಂದುಕೊಳ್ಳುವವರು ತುಂಬಾ ಜನ.

ಟರ್ಬೊ ಇದ್ದರೆ ರೀಮ್ಯಾಪ್‌ಗಿಂತ ಮುಂಚೆ ಗೇರ್‌ಬಾಕ್ಸ್, ಕ್ಲಚ್ ನೋಡಿ. ಪೋಲೊ ಜಿಟಿ 1.2 ಟಿಎಸ್ಐ ಕಂಪನಿಯಿಂದ ಬಂದಾಗ 105 ಪಿಎಸ್, ತಿರುಗಿಸುವ ಬಲ (ಟಾರ್ಕ್) 175 ಎನ್ಎಂ. ಅದರಲ್ಲಿರುವ ಏಳು ಗೇರಿನ ಡ್ರೈ ಕ್ಲಚ್ ಡಿಎಸ್‌ಜಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನ ಮಿತಿ 250 ಎನ್ಎಂ. ಮ್ಯಾಪ್ ಮಾಡುವವರು ದೊಡ್ಡ ಸಂಖ್ಯೆ ತೋರಿಸಿ ಆಸೆ ಹುಟ್ಟಿಸುತ್ತಾರೆ, ನೀವು ಆ ಮಿತಿಯಿಂದ ದೂರವೇ ನಿಲ್ಲಿಸಿ ಅನ್ನಿ. ಘಾಟಿಯಲ್ಲಿ ಲಾರಿ ಹಿಂದೆ ತೆವಳುವಾಗ ಈ ಕ್ಲಚ್ ಮೊದಲೇ ಬಿಸಿಯಾಗಿರುತ್ತದೆ. ಮ್ಯಾನುಯಲ್ ಗಾಡಿಯಾದರೆ ನಾಲ್ಕನೇ ಗೇರಿನಲ್ಲಿ ಏರು ಹತ್ತುವಾಗ ಪೂರ್ತಿ ಆಕ್ಸಿಲರೇಟರ್ ಒತ್ತಿ ನೋಡಿ. ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಈಗಲೇ ಜಾರುತ್ತಿದೆ. ಗೇರ್‌ಬಾಕ್ಸ್ ಇಳಿಸುವ ಕೂಲಿಯೇ ದೊಡ್ಡದು, ಅದಕ್ಕೇ ಗಟ್ಟಿ ಕ್ಲಚ್ ಹಾಕಿಸಿ ಆಮೇಲೆ ಮ್ಯಾಪ್.

ಏರ್ ಫಿಲ್ಟರ್, ಎಕ್ಸಾಸ್ಟ್, ರೀಮ್ಯಾಪ್ ಮೂರರಲ್ಲಿ ಮೊದಲು ಯಾವುದು? ಮೂರೂ ಮಾಡಿಸುವುದು ಖಂಡಿತ ಅಂದರೆ ರೀಮ್ಯಾಪ್ ಕೊನೆಗೆ, ಯಾಕೆಂದರೆ ಗಾಳಿ ಒಳಹೋಗುವ, ಹೊಗೆ ಹೊರಹೋಗುವ ದಾರಿ ಬದಲಾದ ಮೇಲೆ ಮ್ಯಾಪ್ ಮತ್ತೆ ತಿದ್ದಬೇಕಾಗಬಹುದು. ಒಂದೇ ಮಾಡಿಸುವುದಾದರೆ ಟರ್ಬೊ ಗಾಡಿಗೆ ರೀಮ್ಯಾಪ್ ಮಾತ್ರ ಸಾಕು. ಟರ್ಬೊ ಇಲ್ಲದ ಗಾಡಿಗೆ ಮೂರೂ ಬಿಟ್ಟು ಆ ದುಡ್ಡನ್ನು ಟೈರಿಗೆ ಹಾಕಿ.

ತೆರೆದ ಕೋನ್ ಫಿಲ್ಟರ್ ಬಗ್ಗೆ ಮಾತ್ರ ನನಗೆ ಸಿಟ್ಟೇ ಇದೆ. ಎಂಜಿನ್ ಬಿಸಿಗಾಳಿಯನ್ನೇ ಎಳೆಯುತ್ತದೆ, ತೋಟದ ರಸ್ತೆಯ ಧೂಳನ್ನು ಕಂಪನಿಯ ಪೇಪರ್ ಫಿಲ್ಟರಿನಷ್ಟು ಚೆನ್ನಾಗಿ ತಡೆಯುವುದಿಲ್ಲ, ಎಣ್ಣೆ ಹಚ್ಚುವ ಜಾತಿಯದಾದರೆ ಆ ಎಣ್ಣೆ ಗಾಳಿ ಅಳೆಯುವ ಸೆನ್ಸರ್ ಮೇಲೆ ಕೂತು ತೊಂದರೆ ಕೊಡಬಹುದು. ಫಿಲ್ಟರ್ ಬಾಯಿಯನ್ನು ಕೆಳಗೆ ಬಂಪರ್ ಹತ್ತಿರ ಇಳಿಸುವ ಕಿಟ್ ಇನ್ನೂ ಅಪಾಯ. ಮಳೆಗಾಲದಲ್ಲಿ ರಸ್ತೆ ಮೇಲೆ ಹಳ್ಳ ಹರಿಯುವಾಗ ಎಂಜಿನ್ ನೀರು ಕುಡಿದರೆ ಕನೆಕ್ಟಿಂಗ್ ರಾಡ್ ಬಗ್ಗಿಯೇ ಹೋಗುತ್ತದೆ. ಕೇಳಿಸುವ "ಸುಯ್" ಸದ್ದಿಗೆ ಇಷ್ಟೆಲ್ಲ ಬೆಲೆ ಬೇಕಾ?

ಪೆಟ್ರೋಲ್ ವಿಷಯವನ್ನೂ ಮ್ಯಾಪ್ ಮಾಡುವವರ ಹತ್ತಿರ ಮೊದಲೇ ಮಾತಾಡಿ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕ ಇ20, ಅಂದರೆ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲ್, ಈಗ ಎಲ್ಲ ಕಡೆ ಬಂದಿದೆ. ಎಥನಾಲ್‌ನಿಂದ ನಾಕಿಂಗ್ (ಇಂಧನ ಹದ ತಪ್ಪಿ ಹೊತ್ತಿ ಎಂಜಿನ್ ಟಕಟಕ ಬಡಿಯುವುದು) ತಡೆಯುವ ಗುಣ ಹೆಚ್ಚುತ್ತದೆ, ಆದರೆ ಬರೀ ಎಥನಾಲ್‌ನ ಒಂದು ಲೀಟರ್‌ಗೆ ಸಿಗುವ ಶಕ್ತಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಹಳೇ ಗಾಡಿಯ ಪೈಪ್, ರಬ್ಬರ್ ಸೀಲ್‌ಗಳನ್ನು ಒಮ್ಮೆ ನೋಡಿಸಿ. ಬೆಂಗಳೂರಿನಲ್ಲಿ ನಾಕಿಂಗ್ ಚೆನ್ನಾಗಿ ತಡೆಯುವ 100 ಆಕ್ಟೇನ್ ಪೆಟ್ರೋಲ್ ಹಾಕಿ ಮಾಡಿದ ಮ್ಯಾಪ್ ತಂದು ಕೊಟ್ಟಿಗೆಹಾರದಲ್ಲಿ ಸಿಕ್ಕಿದ್ದನ್ನು ತುಂಬಿಸಿದರೆ ಇಸಿಯು (ಎಂಜಿನ್ ಕಂಪ್ಯೂಟರ್) ನಾಕ್ ಹಿಡಿದು ಟೈಮಿಂಗ್ ಹಿಂದಕ್ಕೆ ಎಳೆಯುತ್ತದೆ, ನೀವು ದುಡ್ಡು ಕೊಟ್ಟು ಪಡೆದ ಬಲ ಅಲ್ಲೇ ಆವಿ. ನೀವು ದಿನಾ ಹಾಕಿಸುವ ಬಂಕಿನ ಮಾಮೂಲಿ ಪೆಟ್ರೋಲ್‌ಗೇ ಮ್ಯಾಪ್ ಮಾಡಿ ಅನ್ನಿ.

ಡೀಸೆಲ್‌ನವರಿಗೆ ಚಿಕ್ಕ ಮಾತು. ಹಳೇ 1.3 ಡೀಸೆಲ್ ಸ್ವಿಫ್ಟ್ ಥರದ ಗಾಡಿಗಳು ರೀಮ್ಯಾಪ್‌ಗೆ ಚೆನ್ನಾಗಿ ಒಗ್ಗುತ್ತವೆ, ಘಾಟಿಗೆ ಬೇಕಾದ ಎಳೆತ ಕೆಳಗಿನ ಆರ್‌ಪಿಎಂನಲ್ಲೇ ಸಿಗುತ್ತದೆ. ಕಪ್ಪು ಹೊಗೆ ಉಗುಳಿದರೆ ಮ್ಯಾಪ್ ಸರಿ ಇಲ್ಲ ಅಂತಲೇ ಅರ್ಥ, ಅದು ಗಂಡಸ್ತನದ ಗುರುತಲ್ಲ. ಬಿಎಸ್6 ಡೀಸೆಲ್‌ನಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುತ್ತದೆ, ಅದನ್ನು ಕಿತ್ತುಹಾಕುವ ಮಾತಾಡುವವರ ಹತ್ತಿರ ಹೋಗಲೇಬೇಡಿ.

ಗಾಡಿ ತಿದ್ದುವುದಾ, ಮಾರಿ ಬೇರೆ ಕೊಳ್ಳುವುದಾ?

ಈ ಹೋಲಿಕೆಯನ್ನು ಯಾರೂ ಮಾಡುವುದಿಲ್ಲ, ಮನಸ್ಸಿಗೆ ನೋವಾಗುತ್ತದೆ. ಟರ್ಬೊ ಇಲ್ಲದ ಕಾರಿಗೆ ಕ್ಯಾಮ್, ಹೆಡರ್ ಥರದ ಎಂಜಿನ್ ಬಿಡಿಭಾಗ, ಮ್ಯಾಪ್ ಎಲ್ಲ ಸೇರಿಸಿ ಖರ್ಚು ಮಾಡುವ ಮೊತ್ತಕ್ಕೆ, ಆ ಕಾರು ಮಾರಿ ಬಂದ ದುಡ್ಡು ಸೇರಿಸಿದರೆ ಸೆಕೆಂಡ್ ಹ್ಯಾಂಡ್ ಟರ್ಬೊ ಗಾಡಿ ಬರುತ್ತದಾ ನೋಡಿ. ಪೋಲೊ 1.0 ಟಿಎಸ್ಐ ಕಂಪನಿಯಿಂದಲೇ 110 ಪಿಎಸ್, ಐ20 ಎನ್ ಲೈನ್ 120 ಪಿಎಸ್, ಹಳೇ ಪುಂಟೊ ಅಬಾರ್ಥ್ 145 ಪಿಎಸ್, ಅದಕ್ಕೆ ಬಿಡಿಭಾಗ ಹುಡುಕುವ ತಾಳ್ಮೆ ನಿಮಗಿದ್ದರೆ. ಎಂಜಿನ್ ಬಲವೇ ನಿಜವಾಗಿ ಬೇಕಾಗಿದ್ದರೆ ಅದನ್ನು ಕಂಪನಿಯಿಂದ ಕೊಳ್ಳುವುದು ಸಾಮಾನ್ಯವಾಗಿ ಅಗ್ಗ. ಟೈರ್, ಶಾಕ್ಸ್, ಪ್ಯಾಡ್ ಹಾಗಲ್ಲ, ಯಾವ ಗಾಡಿ ತಗೊಂಡರೂ ಅದಕ್ಕೆ ಮತ್ತೆ ಮಾಡಿಸಲೇಬೇಕಾದವು.

ಹಾಸನ-ಬೆಂಗಳೂರು ಓಡಾಡುವ ಟರ್ಬೊ ಗಾಡಿಯವರು ಟೈರ್, ಆಯಿಲ್-ಪ್ಯಾಡ್, ಶಾಕ್ಸ್ ಮುಗಿಸಿ ಎರಡನೇ ವರ್ಷಕ್ಕೆ ಮ್ಯಾಪ್‌ಗೆ ಹೋಗಬಹುದು. ಚಾರ್ಮಾಡಿ, ಶಿರಾಡಿ ಜಾಸ್ತಿ ಇಳಿಯುವವರು ಬ್ರೇಕನ್ನು ಟೈರಿನ ಜೊತೆ ಒಂದೇ ತಿಂಗಳಲ್ಲಿ ಮಾಡಿಸಲಿ. ಮಂಜಿನಲ್ಲಿ ಎದುರಿನ ಬಸ್ಸು ಹತ್ತು ಮಾರು ದೂರಕ್ಕೆ ಬಂದ ಮೇಲೆ ಕಾಣುವ ಜಾಗದಲ್ಲಿ ಲೈಟಿನ ಗಾಜು ಹೊಳಪು ಮಾಡಿಸುವುದೂ ಅಪ್‌ಗ್ರೇಡೇ. ತೋಟದ ಮನೆಯವರು ಎಲ್ಲಕ್ಕಿಂತ ಮುಂಚೆ ಸಂಪ್ ಗಾರ್ಡ್ ಹಾಕಿಸಿ, ಆಮೇಲೆ ಶಾಕ್ಸ್, ಆಮೇಲೆ ಗಟ್ಟಿ ಸೈಡ್‌ವಾಲ್‌ನ ಟೈರ್. ಎಂಜಿನ್ ಬಗ್ಗೆ ಯೋಚನೆಯೇ ಬೇಡ.

ಕಾನೂನು, ಇನ್ಶೂರೆನ್ಸ್

ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಮೊದಲು ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಅನುಮತಿ ಇಲ್ಲದ ಬದಲಾವಣೆಗೆ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಸದ್ದು, ಹೊಗೆ ಮಿತಿ ಮೀರಿದರೆ ಬೇರೆಯೇ ಸೆಕ್ಷನ್, 10,000 ರೂಪಾಯಿವರೆಗೆ ದಂಡ. ಜೋರು ಎಕ್ಸಾಸ್ಟ್‌ಗೆ ನಾನು ಕೊನೆಯ ಜಾಗ ಕೊಡುವುದಕ್ಕೆ ಇದೂ ಒಂದು ಕಾರಣ. ಇನ್ನೊಂದು ಕಾರಣ ಆನೆ. ಸಕಲೇಶಪುರ, ಆಲೂರು, ಬೇಲೂರು ಕಡೆ ಸಂಜೆಯಾದ ಮೇಲೆ ರಸ್ತೆ ಪಕ್ಕದ ತೋಟದಲ್ಲಿ ಯಾರು ನಿಂತಿದ್ದಾರೆ ಅಂತ ಗೊತ್ತಿರುವುದಿಲ್ಲ, ಅಲ್ಲಿ ಪಟ ಪಟ ಸದ್ದು ಮಾಡಿಕೊಂಡು ಹೋಗುವುದು ಯಾರಿಗೂ ಒಳ್ಳೆಯದಲ್ಲ.

ಇನ್ಶೂರೆನ್ಸ್ ಕಂಪನಿಗೆ ಏನು ಬದಲಿಸಿದ್ದೀರಿ ಅಂತ ರಿನ್ಯೂವಲ್‌ಗೆ ಮುಂಚೆ ಬರವಣಿಗೆಯಲ್ಲಿ ತಿಳಿಸಿ. ಪ್ರೀಮಿಯಂ ಸ್ವಲ್ಪ ಏರಬಹುದು, ಹೇಳದೇ ಇದ್ದು ಅಪಘಾತವಾದರೆ ಕ್ಲೇಮ್ ಸಿಗುವುದು ಕಷ್ಟ. ಗಾಡಿ ವಾರಂಟಿಯಲ್ಲಿದ್ದರೆ ಮ್ಯಾಪ್ ಆಸೆಯನ್ನು ಅದು ಮುಗಿಯುವವರೆಗೆ ಕಟ್ಟಿಡಿ. ಶೋರೂಮಿನಲ್ಲಿ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದರೆ ನಿಮ್ಮ ಮ್ಯಾಪ್ ಅಳಿಸಿಯೂ ಹೋಗಬಹುದು, ಮತ್ತೆ ಹಾಕಿಕೊಡುತ್ತಾರಾ, ಅದಕ್ಕೆ ದುಡ್ಡು ಎಷ್ಟು ಅಂತ ಮ್ಯಾಪ್ ಮಾಡಿಸುವ ದಿನವೇ ಕೇಳಿ.

ಬಿಚ್ಚಿದ ಕಂಪನಿ ಬಿಡಿಭಾಗಗಳನ್ನು ಗ್ಯಾರೇಜಿನಲ್ಲೇ ಬಿಟ್ಟು ಬರಬೇಡಿ. ಸ್ಪ್ರಿಂಗ್, ಏರ್ ಬಾಕ್ಸ್, ಸೈಲೆನ್ಸರ್, ರಿಮ್, ಎಲ್ಲವನ್ನೂ ಎಣ್ಣೆ ಒರೆಸಿ, ಪ್ಲಾಸ್ಟಿಕ್ ಸುತ್ತಿ, ಮನೆಯ ಅಟ್ಟದ ಮೇಲೆ ಹಾಕಿಡಿ. ಮಾರುವ ದಿನ ಕೊಳ್ಳುವವರು ಕೇಳುವುದು ಕಂಪನಿಯಿಂದ ಬಂದ ಹಾಗಿರುವ ಗಾಡಿಯನ್ನೇ, ಆಗ ಹಾಕಿಸಿದ್ದನ್ನು ಬಿಚ್ಚಿ ಬೇರೆಯಾಗಿ ಮಾರಿದರೆ ಖರ್ಚಿನ ಒಂದು ಪಾಲಾದರೂ ಕೈಗೆ ಬರುತ್ತದೆ.